ಎಷ್ಟನೇ ವಯಸ್ಸಿನಲ್ಲಿ ತಿಳಿಯಿತು? ಸ್ತನ ಕ್ಯಾನ್ಸರ್ ಮತ್ತು ವಯಸ್ಸಿನ ಲೆಕ್ಕ

ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು ಎನ್ನಿ. ಹೆಣ್ಣುಮಗಳು ಇಪ್ಪತ್ತೆಂಟರವಳಾದರೆ ಮನೆಯವರು ಹೇಳುವ ಮಾತು, "ಈ ವಯಸ್ಸಿಗೆ ಅದೆಲ್ಲ ಬರೋದಿಲ್ಲ, ಸುಮ್ಮನಿರು." ಎಪ್ಪತ್ತೆರಡರವಳಾದರೆ ಅದೇ ಮನೆಯವರು ಹೇಳುವ ಮಾತು, "ಈ ವಯಸ್ಸಿನಲ್ಲಿ ಅದನ್ನೆಲ್ಲ ಕೆದಕೋದು ಯಾಕೆ?" ಎರಡೂ ಪ್ರೀತಿಯಿಂದ ಹುಟ್ಟಿದ ಮಾತುಗಳೇ. ಆದರೆ ಎರಡರ ಪರಿಣಾಮವೂ ಒಂದೇ. ದಿನಗಳು ಉರುಳುತ್ತವೆ, ಗಂಟು ಬೆಳೆಯುತ್ತದೆ.

ಸ್ತನ ಕ್ಯಾನ್ಸರಿಗೂ ವಯಸ್ಸಿಗೂ ಸಂಬಂಧ ಇಲ್ಲವೇ? ಖಂಡಿತ ಇದೆ. ರೋಗ ಪತ್ತೆಯಾದಾಗ ಹೆಂಗಸಿಗೆ ಎಷ್ಟು ವಯಸ್ಸು ಎಂಬುದು ಆಕೆ ಗುಣವಾಗುವ ಸಾಧ್ಯತೆಯ ಮೇಲೆ ಪ್ರಭಾವ ಬೀರುತ್ತದೆ. ಆದರೆ ಆ ಪ್ರಭಾವದಲ್ಲಿ ದೊಡ್ಡ ಪಾಲು ವಯಸ್ಸಿನದಲ್ಲ. ತಡವಾಗಿ ಪರೀಕ್ಷಿಸುವುದರದ್ದು, ಅರೆಬರೆ ಚಿಕಿತ್ಸೆಯದ್ದು. ವಯಸ್ಸನ್ನು ಬದಲಾಯಿಸಲು ಬರುವುದಿಲ್ಲ, ಉಳಿದೆರಡನ್ನು ಬದಲಾಯಿಸಬಹುದು. ಈ ಲೇಖನದ ಸಾರಾಂಶ ಇಷ್ಟೇ.

ಇದನ್ನು ಯುವ ಓದುಗರಿಗೆ ಹೇಳಲು ಕಾರಣವಿದೆ. ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ಹುಟ್ಟಿ ಬೆಳೆದ ನೀವು ಮನೆಯ ದುಭಾಷಿಗಳು. ಆಸ್ಪತ್ರೆಯಲ್ಲಿ ಫಾರ್ಮು ತುಂಬುವವರು ನೀವು. ಡಾಕ್ಟರರ ಇಂಗ್ಲಿಷನ್ನೂ ನರ್ಸಿನ ಮರಾಠಿಯನ್ನೂ ಅಮ್ಮನಿಗೆ, ಊರಿನಿಂದ ಬಂದ ಚಿಕ್ಕಮ್ಮನಿಗೆ ತಿಳಿಸಿ ಹೇಳುವವರೂ ನೀವೇ. ಹುಡುಗರೇ, ಇದು ಹೆಂಗಸರ ವಿಷಯವೆಂದು ಪುಟ ತಿರುಗಿಸಬೇಡಿ. ಸ್ತನ ಕ್ಯಾನ್ಸರ್ ಬರುವ ನೂರು ಜನರಲ್ಲಿ ಸುಮಾರು ಒಬ್ಬ ಗಂಡಸು ಎಂಬುದು ನಿಮಗೆ ಗೊತ್ತಿರಲಿ.

ನಮ್ಮ ದೇಶದ ಚಿತ್ರ

ಭಾರತದ ಹೆಂಗಸರಲ್ಲಿ ಇಂದು ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1,92,000 ಹೊಸ ರೋಗಿಗಳು. ಅದೇ ವರ್ಷ ಈ ರೋಗದಿಂದ ತೀರಿಕೊಂಡವರು ಸುಮಾರು 98,000. ಗುಣವಾಗುವ ಪ್ರಮಾಣದಲ್ಲೂ ನಾವು ಹಿಂದಿದ್ದೇವೆ. 2010ರಿಂದ 2014ರವರೆಗೆ ರೋಗ ಪತ್ತೆಯಾದವರಲ್ಲಿ ಐದು ವರ್ಷ ಬದುಕುಳಿದವರು ಅಮೆರಿಕದಲ್ಲಿ ಶೇಕಡಾ 90, ಭಾರತದಲ್ಲಿ ಶೇಕಡಾ 66 ಎಂದು 2018ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು ಲೆಕ್ಕ ಹಾಕಿತು.

ಇನ್ನೊಂದು ಮಾತು ನೀವು ಕೇಳಿರಬಹುದು: "ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನವರಿಗೇ ಜಾಸ್ತಿ ಬರುತ್ತದಂತೆ." ಇದು ಅರ್ಧ ಸತ್ಯ. ಅಮೆರಿಕದಲ್ಲಿ ರೋಗ ಪತ್ತೆಯಾಗುವ ನಡುವಿನ ವಯಸ್ಸು 62. ನಮ್ಮಲ್ಲಿ ರೋಗಿಗಳ ವಯಸ್ಸು ಅದಕ್ಕಿಂತ ಸುಮಾರು ಹತ್ತು ವರ್ಷ ಕಡಿಮೆ. ಹಾಗೆಂದು ಮೂವತ್ತೈದರ ಕನ್ನಡತಿಗೆ ಮೂವತ್ತೈದರ ಅಮೆರಿಕದವಳಿಗಿಂತ ಹೆಚ್ಚು ಅಪಾಯವಿದೆ ಎಂದಲ್ಲ. ನಮ್ಮ ಜನಸಂಖ್ಯೆಯಲ್ಲೇ ತರುಣರು ಹೆಚ್ಚು, ಮುದುಕರು ಕಡಿಮೆ. ಆದ್ದರಿಂದ ಆಸ್ಪತ್ರೆಯ ಸಾಲಿನಲ್ಲೂ ಚಿಕ್ಕವರು ಹೆಚ್ಚಾಗಿ ಕಾಣುತ್ತಾರೆ. ಒಬ್ಬೊಬ್ಬರ ಲೆಕ್ಕ ಹಿಡಿದರೆ, ವಯಸ್ಸು ಏರಿದಂತೆ ರೋಗ ಬರುವ ಸಾಧ್ಯತೆ ಏರುತ್ತದೆ ಎಂಬುದು ಇಲ್ಲಿಯೂ ನಿಜ.

ಈ ಅಂಕಿಗಳೆಲ್ಲ ಬಂದದ್ದೆಲ್ಲಿಂದ ಎಂದು ಕೇಳುವಿರಾದರೆ, ಅದರಲ್ಲಿ ನಿಮ್ಮ ಊರಿನ ಪಾಲು ದೊಡ್ಡದು. ಭಾರತದಲ್ಲಿ ಒಂದು ನಗರದ ಕ್ಯಾನ್ಸರ್ ರೋಗಿಗಳನ್ನೆಲ್ಲ ಲೆಕ್ಕವಿಡುವ ಮೊದಲ ನೋಂದಣಿ ಕಚೇರಿ 1963ರಲ್ಲಿ ಶುರುವಾದದ್ದು ಮುಂಬಯಿಯಲ್ಲಿ. ಬೆಂಗಳೂರಿನಲ್ಲಿ ಅಂಥದೇ ಲೆಕ್ಕ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿದೆ.

ಗೆರೆ ನೇರವಾಗಿಲ್ಲ

ರೋಗ ಬರುವುದು ಬೇರೆ, ಬಂದ ಮೇಲೆ ಗುಣವಾಗುವುದು ಬೇರೆ. ಚಿಕ್ಕವರಿಗೆ ಮೈಯಲ್ಲಿ ಕಸುವಿದೆ, ಅವರು ಬೇಗ ಗುಣವಾಗಬೇಕು ಎಂದು ನಾವು ಎಣಿಸುತ್ತೇವೆ. ಸ್ವೀಡನ್ನಿನ ಸಂಶೋಧಕರು 1959ರಿಂದ 1978ರವರೆಗೆ ಆ ದೇಶದಲ್ಲಿ ರೋಗ ಪತ್ತೆಯಾದ 57,068 ಹೆಂಗಸರ ಲೆಕ್ಕ ತೆಗೆದು 1986ರಲ್ಲಿ ಪ್ರಕಟಿಸಿದರು. ಎಲ್ಲರಿಗಿಂತ ಚೆನ್ನಾಗಿ ಬದುಕುಳಿದವರು 45ರಿಂದ 49 ವಯಸ್ಸಿನವರು. ಮೂವತ್ತಕ್ಕಿಂತ ಕೆಳಗಿನವರ ಪಾಡು ಅವರಿಗಿಂತ ಕೆಟ್ಟದಿತ್ತು. ಐವತ್ತು ದಾಟಿದಂತೆ ಮತ್ತೆ ಇಳಿಮುಖ. ಎಪ್ಪತ್ತೈದು ಮೀರಿದವರದು ಇನ್ನೂ ಕೆಳಗೆ.

ಅಂದರೆ ಎರಡು ತುದಿಗಳಲ್ಲಿ ಕಷ್ಟ, ನಡುವೆ ಸ್ವಲ್ಪ ಸಲೀಸು. ಇದು ಹಳೆಯ ಕಾಲದ ಲೆಕ್ಕ. ಆಮೇಲೆ ಚಿಕಿತ್ಸೆ ಬಹಳ ಸುಧಾರಿಸಿದೆ. ಆದರೆ ಎರಡು ತುದಿಯ ಹೆಂಗಸರು ಹಿಂದೆ ಬೀಳುವ ಪ್ರಶ್ನೆ ಮಾತ್ರ ಇನ್ನೂ ಇದೆ. ಒಂದೊಂದು ತುದಿಯನ್ನೂ ಬೇರೆಬೇರೆಯಾಗಿ ನೋಡೋಣ.

ಚಿಕ್ಕವರಲ್ಲಿ ಯಾಕೆ ಬಿರುಸು?

ಮೊದಲ ಕಾರಣ ರೋಗದ ಜಾತಿ. ಸ್ತನ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಕೆಲವು ಗಡ್ಡೆಗಳು ಹೆಣ್ಣಿನ ಹಾರ್ಮೋನನ್ನು ಉಂಡು ಬೆಳೆಯುತ್ತವೆ. ಅವುಗಳಿಗೆ ಹಾರ್ಮೋನು ತಡೆಯುವ ಮಾತ್ರೆಗಳಿವೆ. ಕೆಲವುಗಳಲ್ಲಿ ಹರ್-ಟೂ ಎಂಬ ಪ್ರೋಟೀನು ವಿಪರೀತವಾಗಿರುತ್ತದೆ. ಅವುಗಳಿಗೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧ 1998ರಿಂದ ಬಂದಿದೆ. ಈ ಯಾವ ಗುರುತೂ ಇಲ್ಲದವನ್ನು ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ. ಅವು ಬೇಗ ಬೆಳೆಯುವಂಥವು. ಈ ಬಿರುಸಿನ ಜಾತಿಗಳ ಪ್ರಮಾಣ ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು.

ಎರಡನೆಯದು, ಪತ್ತೆಯಾಗುವುದು ತಡ. ಎಳೆಯ ವಯಸ್ಸಿನಲ್ಲಿ ಸ್ತನದ ಅಂಗಾಂಶ ಒತ್ತೊತ್ತಾಗಿರುವುದರಿಂದ ಮ್ಯಾಮೊಗ್ರಾಮ್ ಎಂಬ ಕ್ಷ-ಕಿರಣ ಚಿತ್ರದಲ್ಲಿ ಗಡ್ಡೆ ಸುಲಭವಾಗಿ ಎದ್ದು ಕಾಣುವುದಿಲ್ಲ. ಅವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡಿಸುವುದು ಇದೇ ಕಾರಣಕ್ಕೆ. ಅದಕ್ಕಿಂತ ದೊಡ್ಡ ಅಡ್ಡಿ, ಯಾರಿಗೂ ಅನುಮಾನವೇ ಬಾರದಿರುವುದು. ಬಾಣಂತಿಗೆ ಗಂಟಾದರೆ "ಹಾಲು ಕಟ್ಟಿದೆ" ಎಂದು ಬಿಸಿನೀರಿನ ಶಾಖ ಕೊಡುತ್ತಾರೆ. ಬಹಳ ಸಲ ಅದು ಹಾಲು ಕಟ್ಟಿದ್ದೇ ಆಗಿರುತ್ತದೆ. ಆದರೆ ಎರಡು ವಾರ ಕಳೆದರೂ ಕರಗದ ಗಂಟನ್ನು ಡಾಕ್ಟರರಿಗೆ ತೋರಿಸದೆ ಬಿಡಬಾರದು.

ಮೂರನೆಯದು ಚಿಕಿತ್ಸೆಯ ಕೊರತೆ. ಇಲ್ಲಿ ಡೆನ್ಮಾರ್ಕಿನ ಒಂದು ಅಧ್ಯಯನ ಕಣ್ಣು ತೆರೆಸುವಂತಿದೆ. ಐವತ್ತಕ್ಕಿಂತ ಕೆಳಗಿನ 10,356 ರೋಗಿಗಳ ಲೆಕ್ಕ 2000ದಲ್ಲಿ ಪ್ರಕಟವಾಯಿತು. ಕೆಲವರ ಗಡ್ಡೆ ಚಿಕ್ಕದು, ಅಪಾಯ ಕಡಿಮೆ ಎಂದು ಆಗಿನ ಪದ್ಧತಿಯಂತೆ ಶಸ್ತ್ರಚಿಕಿತ್ಸೆಯ ನಂತರ ಬೇರೆ ಔಷಧ ಕೊಟ್ಟಿರಲಿಲ್ಲ. ಅಂಥವರಲ್ಲಿ ವಯಸ್ಸು ಕಡಿಮೆಯಾದಷ್ಟೂ ಸಾವು ಹೆಚ್ಚು. 35ರ ಒಳಗಿನವರಲ್ಲಿ 45ರಿಂದ 49ರವರಿಗಿಂತ ಸುಮಾರು ಎರಡು ಪಟ್ಟು. ಆದರೆ ಕೀಮೋಥೆರಪಿ ಪಡೆದವರಲ್ಲಿ ವಯಸ್ಸಿಗೆ ತಕ್ಕಂತೆ ಸಾವು ಏರುವ ಈ ಕ್ರಮ ಕಾಣಿಸಲಿಲ್ಲ. ಚಿಕ್ಕ ವಯಸ್ಸು ಶಾಪವೆಂದು ತೋರಿದ್ದರಲ್ಲಿ ಬಹುಪಾಲು ಔಷಧ ಸಿಗದಿದ್ದುದರ ಫಲ ಎಂದಾಯಿತು.

ಅಮೆರಿಕದಲ್ಲಿ 17,575 ರೋಗಿಗಳ ಮೇಲೆ ನಡೆದು 2016ರಲ್ಲಿ ಹೊರಬಂದ ಅಧ್ಯಯನವೂ ಸ್ವಾರಸ್ಯಕರ. ನಲವತ್ತು ಮತ್ತು ಅದಕ್ಕಿಂತ ಕೆಳಗಿನವರಿಗೆ ಅಪಾಯ ಹೆಚ್ಚು ಕಂಡದ್ದು ಎಲ್ಲ ಜಾತಿಯ ಗಡ್ಡೆಗಳಲ್ಲೂ ಸಮನಾಗಿ ಅಲ್ಲ. ಹರ್-ಟೂ ಜಾತಿಯಲ್ಲಿ ವಯಸ್ಸಿನಿಂದ ಸ್ಪಷ್ಟ ವ್ಯತ್ಯಾಸವೇ ಕಾಣಲಿಲ್ಲ. ಅತಿ ಹೆಚ್ಚು ವ್ಯತ್ಯಾಸ ಇದ್ದದ್ದು, ಎಲ್ಲಕ್ಕಿಂತ ಸೌಮ್ಯವೆಂದು ಹೆಸರಾದ, ಹಾರ್ಮೋನಿಗೆ ಸ್ಪಂದಿಸುವ ಜಾತಿಯಲ್ಲಿ. ಚಿಕ್ಕವರಲ್ಲಿ ಅಂಡಾಶಯ ಇನ್ನೂ ಚುರುಕಾಗಿ ಹಾರ್ಮೋನು ತಯಾರಿಸುತ್ತಿರುತ್ತದೆ ಎಂಬುದು ಇದಕ್ಕೊಂದು ಕಾರಣವಾಗಿರಬಹುದು. ಮಾತ್ರೆಯ ಜೊತೆಗೆ ಅಂಡಾಶಯದ ಕೆಲಸವನ್ನೂ ಔಷಧದಿಂದ ತಡೆದರೆ? 2014ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಪ್ರಯೋಗದಲ್ಲಿ 35ರ ಒಳಗಿನವರ ಪೈಕಿ, ಟ್ಯಾಮೋಕ್ಸಿಫೆನ್ ಮಾತ್ರೆಯೊಂದನ್ನೇ ತೆಗೆದುಕೊಂಡವರಲ್ಲಿ ಐದು ವರ್ಷ ಸ್ತನ ಕ್ಯಾನ್ಸರ್ ಮರುಕಳಿಸದೆ ಇದ್ದವರು ಸುಮಾರು ಶೇಕಡಾ 68. ಅದರೊಂದಿಗೆ ಅಂಡಾಶಯವನ್ನೂ ತಡೆದವರಲ್ಲಿ ಶೇಕಡಾ 79. ಎಕ್ಸೆಮೆಸ್ಟೇನ್ ಎಂಬ ಮಾತ್ರೆಯೊಂದಿಗೆ ಅಂಡಾಶಯವನ್ನು ತಡೆದವರಲ್ಲಿ ಶೇಕಡಾ 83. ವಯಸ್ಸಿಗೆ ತಕ್ಕ ಚಿಕಿತ್ಸೆ ಎಂದರೆ ಇದು.

"ಮಾತ್ರೆ ಐದು ವರ್ಷ ನುಂಗಬೇಕಂತೆ, ಮಗು ಯಾವಾಗ?" ಎಂಬ ಪ್ರಶ್ನೆ ಹೊಸದಾಗಿ ಮದುವೆಯಾದವಳಿಗೆ ಸಹಜ. ಇದೇ ಯೋಚನೆಯಲ್ಲಿ ಚಿಕಿತ್ಸೆಯನ್ನೇ ಬಿಡುವವರುಂಟು. ಒಂದೂವರೆ ಎರಡು ವರ್ಷ ಮಾತ್ರೆ ತೆಗೆದುಕೊಂಡು, ಗರ್ಭಕ್ಕಾಗಿ ಎರಡು ವರ್ಷದವರೆಗೆ ನಿಲ್ಲಿಸಿದ ಐನೂರಕ್ಕೂ ಹೆಚ್ಚು ಹೆಂಗಸರ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ. ಮೊದಲ ಕೆಲವು ವರ್ಷಗಳಲ್ಲಿ ಅವರಲ್ಲಿ ರೋಗ ಮರುಕಳಿಸುವುದು ಹೆಚ್ಚಾಗಲಿಲ್ಲ. ಇದನ್ನು ತಾನಾಗಿ ನಿರ್ಧರಿಸಬಾರದು. ಆದರೆ ಚಿಕಿತ್ಸೆ ಶುರುವಾಗುವ ಮುನ್ನವೇ ಡಾಕ್ಟರರ ಬಳಿ ಬಾಯಿಬಿಟ್ಟು ಕೇಳಬೇಕಾದ ಮಾತಿದು.

ವಂಶದ ಲೆಕ್ಕ

ಚಿಕ್ಕ ವಯಸ್ಸಿನಲ್ಲಿ ರೋಗ ಬಂದರೆ ವಂಶವಾಹಿಯ ಕಡೆಗೂ ನೋಡಬೇಕಾಗುತ್ತದೆ. ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಂಬ ಎರಡು ವಂಶವಾಹಿಗಳು 1994 ಮತ್ತು 1995ರಲ್ಲಿ ಗುರುತಿಸಲ್ಪಟ್ಟವು. ಇವುಗಳಲ್ಲಿ ದೋಷವಿದ್ದರೆ ಎಂಬತ್ತು ವರ್ಷದೊಳಗೆ ರೋಗ ಬರುವ ಸಾಧ್ಯತೆ ನೂರಕ್ಕೆ ಎಪ್ಪತ್ತರ ಆಸುಪಾಸು. ದೋಷ ಬರುವುದು ತಾಯಿಯ ಕಡೆಯಿಂದ ಮಾತ್ರವಲ್ಲ, ತಂದೆಯ ಕಡೆಯಿಂದಲೂ. ಆದ್ದರಿಂದ ಸೋದರತ್ತೆಯ ಕಾಯಿಲೆಯೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ದೋಷವಿದೆ ಎಂದು ತಿಳಿದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ಬ್ರಿಟನ್ನಿನಲ್ಲಿ ನಲವತ್ತು ಮತ್ತು ಅದಕ್ಕಿಂತ ಕೆಳಗಿನ 2,733 ರೋಗಿಗಳ ಅಧ್ಯಯನ 2018ರಲ್ಲಿ ಹೊರಬಂತು. ಅವರಲ್ಲಿ ನೂರಕ್ಕೆ ಹನ್ನೆರಡು ಜನರಿಗೆ ಈ ದೋಷವಿತ್ತು. ಚಿಕಿತ್ಸೆಯ ನಂತರ ಬದುಕುಳಿದ ಪ್ರಮಾಣದಲ್ಲಿ ದೋಷವಿದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಮಾತನ್ನೂ ಗಮನಿಸಿ: ನೂರರಲ್ಲಿ ಎಂಬತ್ತೆಂಟು ಜನರಿಗೆ ಆ ದೋಷ ಇರಲೇ ಇಲ್ಲ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲ" ಎಂಬುದು ಗಂಟನ್ನು ಅಲಕ್ಷಿಸಲು ಕಾರಣವಲ್ಲ.

ಹಿರಿಯರ ಪಾಲಿಗೆ ಆಗುವುದೇನು?

ಇನ್ನು ಇನ್ನೊಂದು ತುದಿ. ಮುದುಕಿಯರಲ್ಲಿ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ ಎಂಬ ನಂಬಿಕೆಯಿದೆ. ಹಾರ್ಮೋನಿಗೆ ಸ್ಪಂದಿಸುವ ಜಾತಿ ಅವರಲ್ಲಿ ಹೆಚ್ಚು ಎಂಬುದು ನಿಜ. ಹಾಗಿದ್ದರೆ ಅವರು ಹೆಚ್ಚು ಗುಣವಾಗಬೇಕಿತ್ತು. ಮುಟ್ಟು ನಿಂತ, ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯೇ ಇದ್ದ 9,766 ಹೆಂಗಸರ ಅಂತರರಾಷ್ಟ್ರೀಯ ಅಧ್ಯಯನ 2012ರಲ್ಲಿ ತೋರಿಸಿದ್ದು ಬೇರೆಯೇ. ಬಿಪಿ, ಹೃದಯದ ಕಾಯಿಲೆಗಳಿಂದ ಆದ ಸಾವು ಬಿಟ್ಟು ಸ್ತನ ಕ್ಯಾನ್ಸರಿನಿಂದಲೇ ಆದ ಸಾವನ್ನು ಮಾತ್ರ ಎಣಿಸಿದರೂ, 75 ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಅಪಾಯ 65ರ ಒಳಗಿನವರಿಗಿಂತ ಸುಮಾರು ಶೇಕಡಾ 63 ಹೆಚ್ಚಿತ್ತು.

ಹಿರಿಯರಿಗೆ ವಿಕಿರಣ ಚಿಕಿತ್ಸೆ, ಕೀಮೋಥೆರಪಿಗಳನ್ನು ಕೈಬಿಡುವುದು ಎಲ್ಲ ಕಡೆಯೂ ಹೆಚ್ಚು. ಕೆಲವರಿಗೆ ಅದು ಸರಿಯಾದ ತೀರ್ಮಾನವೇ, ಎಲ್ಲರ ದೇಹವೂ ಎಲ್ಲವನ್ನೂ ತಡೆಯದು. ಆದರೆ ತೀರ್ಮಾನ ಆಗಬೇಕಾದ್ದು ಅಜ್ಜಿಯ ಹೃದಯ, ಮೂತ್ರಪಿಂಡ, ನಡೆದಾಡುವ ಶಕ್ತಿ ನೋಡಿ. ಬರೇ ರೇಷನ್ ಕಾರ್ಡಿನ ವಯಸ್ಸು ನೋಡಿ ಅಲ್ಲ. ಹಾರ್ಮೋನು ತಡೆಯುವ ಮಾತ್ರೆಗಳನ್ನು ಬಹುಪಾಲು ಹಿರಿಯರೂ ತೆಗೆದುಕೊಳ್ಳಬಲ್ಲರು. ಎಪ್ಪತ್ತೆರಡರ ಆರೋಗ್ಯವಂತೆಗೆ ಇನ್ನೂ ಹತ್ತು ಹದಿನೈದು ವರ್ಷದ ಬದುಕು ಇರಬಹುದು ಎಂಬುದನ್ನು ಮರೆಯಬಾರದು.

ಮುಂಬಯಿಯ ಇಪ್ಪತ್ತು ವರ್ಷಗಳ ಪ್ರಯೋಗ

ಬೇಗ ಪತ್ತೆ ಮಾಡಿದರೆ ಎಲ್ಲ ವಯಸ್ಸಿನವರಿಗೂ ಸಮಾನ ಲಾಭವೇ? ಇದಕ್ಕೆ ಉತ್ತರ ಹುಡುಕಿದ ದೊಡ್ಡ ಪ್ರಯೋಗವೊಂದು ನಡೆದದ್ದು ನಿಮ್ಮ ಮುಂಬಯಿಯಲ್ಲೇ. ಪರೇಲಿನಲ್ಲಿ 1941ರಿಂದ ಇರುವ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 1998ರಲ್ಲಿ ನಗರದ ಕೊಳೆಗೇರಿಗಳಲ್ಲಿ ಕೆಲಸ ಆರಂಭಿಸಿದರು. 35ರಿಂದ 64 ವಯಸ್ಸಿನ 1,51,538 ಹೆಂಗಸರು ಇದರಲ್ಲಿ ಸೇರಿದ್ದರು. ಅರ್ಧದಷ್ಟು ಬಡಾವಣೆಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. ಉಳಿದ ಕಡೆ ತಿಳಿವಳಿಕೆ ಮಾತ್ರ ಕೊಟ್ಟರು. ಮ್ಯಾಮೊಗ್ರಾಮ್ ಇಲ್ಲ, ದುಬಾರಿ ಯಂತ್ರವಿಲ್ಲ.

ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮುಂದುವರಿದ ಮೂರು, ನಾಲ್ಕನೆಯ ಹಂತದಲ್ಲಿ ಪತ್ತೆಯಾದವರು ಪರೀಕ್ಷೆ ನಡೆದ ಕಡೆ ಶೇಕಡಾ 37, ನಡೆಯದ ಕಡೆ ಶೇಕಡಾ 47. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಸಾವು ಶೇಕಡಾ 15ರಷ್ಟು ಇಳಿದಂತೆ ಕಂಡರೂ ಅದು ಆಕಸ್ಮಿಕವಲ್ಲ ಎಂದು ಹೇಳುವಷ್ಟು ಗಟ್ಟಿಯಿರಲಿಲ್ಲ. ಆದರೆ ಐವತ್ತು ಮತ್ತು ಅದಕ್ಕೆ ಮೇಲ್ಪಟ್ಟವರನ್ನು ಬೇರೆ ಮಾಡಿ ನೋಡಿದಾಗ ಸಾವು ಸುಮಾರು ಶೇಕಡಾ 30ರಷ್ಟು ಇಳಿದಿತ್ತು. ಐವತ್ತರ ಕೆಳಗಿನವರಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ.

ಇದರಿಂದ ನಿಮ್ಮ ಮನೆಗೆ ಎರಡು ಪಾಠ. ಐವತ್ತು ದಾಟಿದ ಅಮ್ಮನಿಗೆ ಏನೂ ತೊಂದರೆ ಇಲ್ಲದಿದ್ದರೂ ಎರಡು ವರ್ಷಕ್ಕೊಮ್ಮೆ ತಿಳಿದವರ ಕೈಯಲ್ಲಿ ಪರೀಕ್ಷೆ ಮಾಡಿಸಿದರೆ ನಿಜವಾದ ಲಾಭವಿದೆ. ಅದಕ್ಕೆ ಹೆಚ್ಚು ಹಣ ಬೇಕಿಲ್ಲ. ಚಿಕ್ಕವರಿಗೆ ಇಂಥ ಸಾಮೂಹಿಕ ತಪಾಸಣೆಯ ಆಸರೆ ಸಾಲದು. ಅವರು ತಮ್ಮ ದೇಹದಲ್ಲಿ ಕಂಡ ಬದಲಾವಣೆಯನ್ನು ತಡಮಾಡದೆ ಹೇಳುವುದು, ಹೇಳಿದಾಗ ಮನೆಯವರು ನಂಬುವುದು, ಪೂರ್ತಿ ಚಿಕಿತ್ಸೆ ಪಡೆಯುವುದು, ಇವೇ ಅವರ ರಕ್ಷೆ.

ಮಾತಿನ ತೊಡಕು

ಈಗ ನಿಮಗೇ ಸಂಬಂಧಪಟ್ಟ ಒಂದು ವಿಷಯ. ನಮ್ಮ ಮನೆಗಳಲ್ಲಿ 'ಸ್ತನ' ಎಂಬುದು ಪುಸ್ತಕದ ಮಾತು. ಹಿರಿಯರು ಆಡುವುದು 'ಎದೆ' ಎಂದು. "ಎದೇಲಿ ಏನೋ ಆಗಿದೆ" ಎಂದು ಅಮ್ಮ ಹೇಳಿದರೆ ಮಗ ಡಾಕ್ಟರರಿಗೆ 'ಎದೆನೋವು' ಎಂದು ಭಾಷಾಂತರಿಸುತ್ತಾನೆ. ಇಸಿಜಿ ಆಗುತ್ತದೆ, ಎಲ್ಲ ಸರಿಯಿದೆ ಎಂಬ ಚೀಟಿಯೂ ಸಿಗುತ್ತದೆ. ಅಮ್ಮ ನಾಚಿಕೆಯಿಂದ ಸುಮ್ಮನಾಗುತ್ತಾಳೆ. ಹಾಗಾಗಬಾರದೆಂದರೆ ಒಂದು ಪ್ರಶ್ನೆ ಹೆಚ್ಚು ಕೇಳಿ: "ಒಳಗೆ ನೋವೋ, ಮೇಲೆ ಕೈಗೆ ಗಂಟು ಸಿಗುತ್ತದೋ?" ಮಗನಿಗೆ ಕೇಳಲು ಸಂಕೋಚವಾದರೆ ಮಗಳೋ ಸೊಸೆಯೋ ಕೇಳಲಿ. ಇನ್ನೊಂದು ಮಾತು, ನೋವಿಲ್ಲದ ಗಂಟನ್ನು ನಮ್ಮವರು ಲೆಕ್ಕಕ್ಕೇ ಇಡುವುದಿಲ್ಲ. ಈ ರೋಗದ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ಮಾಡಬಹುದಾದ ಕೆಲಸವೂ ಒಂದಿದೆ. ನಿಮ್ಮ ಅಜ್ಜಿ, ದೊಡ್ಡಮ್ಮ, ಅತ್ತೆಯಂದಿರಲ್ಲಿ ಯಾರಿಗಾದರೂ ಈ ರೋಗ ಬಂದಿತ್ತೇ ಎಂದು ವಿಚಾರಿಸಿ. ಕ್ಯಾನ್ಸರ್ ಎಂಬ ಹೆಸರು ಯಾರೂ ಹೇಳಲಿಕ್ಕಿಲ್ಲ. "ಎದೆ ಹುಣ್ಣಾಗಿ ಹೋದಳು" ಎಂದಾರು, "ಕೆಟ್ಟ ಗಡ್ಡೆ" ಎಂದಾರು. ವಯಸ್ಸು ಕೇಳಿದರೆ "ಯಾರಿಗೆ ಗೊತ್ತು" ಎನ್ನುತ್ತಾರೆ, "ಆಗ ಮಾವನ ಮದುವೆ ಆಗಿತ್ತೋ?" ಎಂದು ಕೇಳಿದರೆ ವರ್ಷ ಸಿಗುತ್ತದೆ. ಹೆಸರು, ನಂಟು, ರೋಗ ತಿಳಿದಾಗಿನ ವಯಸ್ಸು, ಈ ಮೂರನ್ನು ಬರೆದಿಡಿ. ಹತ್ತಿರದ ನಂಟರಿಗೆ ಐವತ್ತರ ಒಳಗೆ ಬಂದಿದ್ದರೆ ಆ ಹಾಳೆಯನ್ನು ಡಾಕ್ಟರರಿಗೆ ತೋರಿಸಿ. ತಪಾಸಣೆ ಯಾವ ವಯಸ್ಸಿಗೆ ಶುರುವಾಗಬೇಕು, ವಂಶವಾಹಿ ಪರೀಕ್ಷೆ ಬೇಕೇ ಎಂಬುದು ಅದರಿಂದ ತೀರ್ಮಾನವಾಗುತ್ತದೆ.

ನೆನಪಿನಲ್ಲಿಡಿ

1. ಗಂಟು, ಚರ್ಮ ಕುಗ್ಗುವುದು ಅಥವಾ ಕಿತ್ತಳೆ ಸಿಪ್ಪೆಯಂತಾಗುವುದು, ತೊಟ್ಟು ಒಳಕ್ಕೆ ಸೇದುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಗಡ್ಡೆ: ಇವು ಯಾವ ವಯಸ್ಸಿನಲ್ಲಿ ಕಂಡರೂ ತೋರಿಸಿ.

2. ಹೆದರಬೇಡಿ. ಎಳೆಯರಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಹಾಗೆಂದು ಹೇಳಬೇಕಾದ್ದು ಪರೀಕ್ಷೆ, ನೆರೆಮನೆಯವರಲ್ಲ.

3. ಪರೀಕ್ಷೆ ಮೂರು: ಡಾಕ್ಟರರು ಕೈಯಿಂದ ನೋಡುವುದು, ಅಲ್ಟ್ರಾಸೌಂಡ್ ಅಥವಾ ಮ್ಯಾಮೊಗ್ರಾಮ್, ಅನುಮಾನವಿದ್ದರೆ ಸೂಜಿ ಹಾಕಿ ತುಣುಕು ತೆಗೆಯುವುದು. ಸೂಜಿ ಹಾಕಿದರೆ ರೋಗ ಹರಡುತ್ತದೆ ಎಂಬ ಹೆದರಿಕೆಯಿಂದ ಪರೀಕ್ಷೆ ತಪ್ಪಿಸಬೇಡಿ.

4. ತಪಾಸಣೆ ಯಾವಾಗ? 2016ರಲ್ಲಿ ಭಾರತ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ ಮ್ಯಾಮೊಗ್ರಾಮನ್ನು 40ರಿಂದಲೇ ಎರಡು ವರ್ಷಕ್ಕೊಮ್ಮೆ ಮಾಡಿಸಲು ಹೇಳಿದೆ.

5. ಚಿಕಿತ್ಸೆ ನಡುವೆ ನಿಲ್ಲಿಸಬೇಡಿ. ಗಡ್ಡೆ ತೆಗೆದಾಯಿತು ಎಂದರೆ ಚಿಕಿತ್ಸೆ ಮುಗಿಯಿತು ಎಂದಲ್ಲ.

ಕೊನೆಯದಾಗಿ ಒಂದು ಲೆಕ್ಕ. ಅಮೆರಿಕದ ಅಂಕಿಗಳ ಪ್ರಕಾರ ರೋಗ ಸ್ತನದಲ್ಲೇ ಇರುವಾಗ ಪತ್ತೆಯಾದರೆ ಐದು ವರ್ಷ ಬದುಕುಳಿಯುವವರು ನೂರಕ್ಕೆ ತೊಂಬತ್ತೊಂಬತ್ತು. ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ ಮೂವತ್ತರ ಆಸುಪಾಸು. ಯಾವ ವಯಸ್ಸಿನ ವ್ಯತ್ಯಾಸವೂ ಇಷ್ಟು ದೊಡ್ಡದಲ್ಲ. ಜನ್ಮದಿನಾಂಕವನ್ನು ತಿದ್ದಲು ಯಾರಿಂದಲೂ ಆಗದು. ಆಸ್ಪತ್ರೆಗೆ ಹೋಗುವ ದಿನವನ್ನು ಮಾತ್ರ ಹಿಂದಕ್ಕೆ ತರಬಹುದು. ಪರೇಲಿಗೆ ಹೋಗುವ ಲೋಕಲ್ ಗಾಡಿಯ ಸಮಯ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ನಿಮಗೇ ಅಲ್ಲವೇ?